ಪರದೆಯಲ್ಲಿ ನುಣುಪು, ಪ್ರಿಂಟಿನಲ್ಲಿ ರವೆ

ಗುಂಡ್ಲುಪೇಟೆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಕಾಗದದ ಸುರುಳಿ ಹಿಡಿದು ಮನೆಗೆ ಬಂದ. ಚಾಮರಾಜನಗರದಲ್ಲಿ ಮಾಡಿಸಿದ ದೊಡ್ಡ ಪ್ರಿಂಟ್. ಅಗಲ 18 ಇಂಚು, ಎತ್ತರ 12 ಇಂಚು. ಮುಸ್ಸಂಜೆಯಲ್ಲಿ ಜಗುಲಿಯ ಮೇಲೆ ಚೆಂಡು ಹೂ ಕಟ್ಟುತ್ತ ಕುಳಿತ ಅವನ ಅಜ್ಜಿ. ಅಜ್ಜಿ ಈಗಿಲ್ಲ. ಪುಣ್ಯತಿಥಿಗೆ ಇಡಲು ಇದ್ದ ಒಳ್ಳೆಯ ಚಿತ್ರ ಅದೊಂದೇ. ಆದರೆ ಮುಖದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು.

"ಕಂಪ್ಯೂಟರಿನಲ್ಲಿ ಚೆನ್ನಾಗೇ ಇತ್ತು ಸಾರ್. ಪ್ರಿಂಟ್ ಹಾಕಿದವರೇ ಕೆಡಿಸಿರಬೇಕು" ಎಂದ. ಮೂಲ ಚಿತ್ರ ತೆಗೆಸಿ ನೋಡಿದೆ. ಕಾಳು ಅಲ್ಲೇ ಇತ್ತು, ಅವನ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಅಂಗಳದಲ್ಲಿ ನಾಲ್ಕು ಪಾತ್ರೆ ಇಟ್ಟಿದ್ದೀರಿ ಎನ್ನಿ. ಜೋರು ಮಳೆ ಬಂದರೆ ನಾಲ್ಕರಲ್ಲೂ ನೀರು ಸರಿಸುಮಾರು ಒಂದೇ ಮಟ್ಟ. ನಾಲ್ಕು ಹನಿ ಉದುರಿ ನಿಂತರೆ ಒಂದರಲ್ಲಿ 7 ಹನಿ, ಪಕ್ಕದ್ದರಲ್ಲಿ 12. ಕ್ಯಾಮೆರಾದ ಬಿಂದುಗಳ ಮೇಲೆ ಬೆಳಕಿನ ಕಣಗಳು ಬೀಳುವುದೂ ಹೀಗೆಯೇ. 10,000 ಕಣ ಬಿದ್ದಲ್ಲಿ ಏರುಪೇರು ಸುಮಾರು 100, ಎಂದರೆ ಶೇಕಡ 1. 100 ಕಣ ಮಾತ್ರ ಬಿದ್ದಲ್ಲಿ ಏರುಪೇರು 10, ಎಂದರೆ ಶೇಕಡ 10. ಈ ಏರುಪೇರೇ ಕಾಳು, ಇಂಗ್ಲಿಷಿನವರ ನಾಯ್ಸ್. ಮುಸ್ಸಂಜೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ 8 ಪಟ್ಟು ಬೆಳಗಿಸಿದರೆ ಮುಖದ ಜೊತೆ ಕಾಳೂ ಬೆಳಗುತ್ತದೆ.

ಹಾಗಾದರೆ ಪರದೆಯಲ್ಲಿ ಕಾಣಲಿಲ್ಲವೇಕೆ? ಅವನದು 6000×4000 ಬಿಂದುಗಳ ಚಿತ್ರ. ಸಾಮಾನ್ಯ ಕಂಪ್ಯೂಟರ್ ಪರದೆಯ ಎತ್ತರ 1080 ಬಿಂದು. ಇಡೀ ಚಿತ್ರ ಅದರಲ್ಲಿ ಹಿಡಿಸಬೇಕಾದರೆ ಸುಮಾರು 14 ಬಿಂದು ಸೇರಿ ಒಂದಾಗಬೇಕು. ಸರಾಸರಿ ತೆಗೆದಾಗ ಏರುಪೇರು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಪರದೆಯ ನುಣುಪು ಅಲ್ಲಿಂದ ಬಂದದ್ದು. ಇಂಚಿಗೆ 300 ಬಿಂದುವಿನಂತೆ 18 ಇಂಚಿನ ಪ್ರಿಂಟಿಗೆ ಬೇಕಾದದ್ದು 5400 ಬಿಂದು. ಅಲ್ಲಿ ಸರಾಸರಿಗೆ ಅವಕಾಶವೇ ಇಲ್ಲ. ಸಾಲದ್ದಕ್ಕೆ ಎಕ್ಸ್‌ಪೋರ್ಟ್ ಮಾಡುವಾಗ ಇವನು ಶಾರ್ಪನಿಂಗನ್ನು ಜೋರಾಗಿ ಇಟ್ಟಿದ್ದ. ಅದಕ್ಕೆ ಮುಖದ ಗೆರೆ ಯಾವುದು, ಕಾಳು ಯಾವುದು ಎಂಬ ಭೇದವಿಲ್ಲ. ಎರಡನ್ನೂ ಎತ್ತಿ ತೋರಿಸುತ್ತದೆ.

ನಿಮಗೂ ಹೀಗಾದರೆ ಮೊದಲು ಚಿತ್ರವನ್ನು ಶೇಕಡ 100ರ ಅಳತೆಯಲ್ಲಿ ತೆರೆದು ನೋಡಿ. ಅಲ್ಲೇ ಕಾಳು ಕಂಡರೆ ತಪ್ಪು ಬೆಳಕಿನದು. ಶಾರ್ಪನಿಂಗ್ ತೆಗೆದು ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿದಾಗ ಕಡಿಮೆಯಾದರೆ ತಪ್ಪು ಅದರದು. ಕಾಳಿನ ಬದಲು ಸಣ್ಣ ಸಣ್ಣ ಚೌಕ ಕಂಡರೆ ಜೆಪೆಗ್‌ನ ಗುಣಮಟ್ಟ ತೀರ ಇಳಿಸಿದ್ದೀರಿ ಎಂದು ತಿಳಿಯಿರಿ. ಜೆಪೆಗ್ ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ಒಡೆದು ಅಡಕ ಮಾಡುತ್ತದೆ.

ಕ್ಯಾಮೆರಾದ ರಾ ಫೈಲ್ ಇದ್ದರೆ ಕಾಳು ತೆಗೆಯುವ ಕೆಲಸ ಅದರಲ್ಲೇ ಆಗಲಿ, ಶಾರ್ಪನಿಂಗ್ ಕೊನೆಗಿರಲಿ. ಕೆಂಪು, ಹಸಿರು ಬಣ್ಣದ ಚುಕ್ಕಿಗಳನ್ನು ಧಾರಾಳವಾಗಿ ತೆಗೆಯಬಹುದು. ಕಪ್ಪು ಬಿಳುಪಿನ ಕಾಳಿಗೆ ಮಾತ್ರ ಕೈ ಹಗುರವಿರಬೇಕು.

ಏಕೆಂದರೆ, ಕಾಳಿನ ಜೊತೆ ನಿಜವೂ ಅಳಿಸಿಹೋಗಬಹುದು. ನಮ್ಮ ಬಂಡೀಪುರದಲ್ಲಿ ಹುಲಿ ಎಣಿಸುವವರು ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳ ಚಿತ್ರದಲ್ಲಿ ಪಟ್ಟೆ ನೋಡಿಯೇ ಇದು ಇಂಥದೇ ಹುಲಿ ಎಂದು ಗುರುತಿಸುತ್ತಾರೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಅಂದಕ್ಕೆಂದು ಒರೆಸುತ್ತ ಹೋದರೆ ಗುರುತೇ ಮಾಯ.

ಹುಡುಗ ಮೊದಲು ಮಾಡಿದ್ದೂ ಅದನ್ನೇ. ಕಾಳೆಲ್ಲ ಹೋಯಿತು, ಅಜ್ಜಿಯ ಸುಕ್ಕೂ ಹೋಗಿ ಮುಖ ಮೇಣದ ಬೊಂಬೆಯಾಯಿತು. "ಅರ್ಧ ಹಿಂದಕ್ಕೆ ಬಾ" ಎಂದೆ. ಪ್ರಿಂಟನ್ನೂ 9 ಇಂಚಿಗೆ ಇಳಿಸಿದೆವು. ಸುಮಾರು 5 ಬಿಂದು ಸೇರಿ ಒಂದಾದ್ದರಿಂದ ಉಳಿದ ಕಾಳೂ ಅರ್ಧಕ್ಕಿಂತ ಕಡಿಮೆಯಾಯಿತು.

ಹೊಸ ಪ್ರಿಂಟಿನಲ್ಲಿ ಕೆನ್ನೆಯ ನೆರಳಿನಲ್ಲಿ ಒಂದಿಷ್ಟು ರವೆ ಇನ್ನೂ ಇದೆ. ಅವನ ತಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಹೂಂ, ನಮ್ಮತ್ತೆ ಹಿಂಗೇ ಇದ್ರು" ಎಂದರಂತೆ.