ನಿಮಗಿದು ಗೊತ್ತೆ? ಸೀಸವನ್ನು ಸೆರೆಹಿಡಿಯುವ ಎರೆಮಣ್ಣಿನ ಜೇಡಿ

ಚಚಡಿ ಗ್ರಾಮದ ಸುತ್ತಲಿನ ಸವದತ್ತಿ, ಬೈಲಹೊಂಗಲ ಸೀಮೆಯ ಎರೆಹೊಲಗಳು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬಿಕೊಳ್ಳಲು ಕಾರಣವಾದ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳೇ, ನೀರಿನಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನೂ ಬಟ್ಟೆಯ ಬಣ್ಣಗಳನ್ನೂ ಹಿಡಿದಿಡಬಲ್ಲವು. ಈ ಗುಂಪಿನ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟ್ ಅತಿ ತೆಳುವಾದ ಪದರಗಳಿಂದಾಗಿದ್ದು, ಪದರಗಳ ಋಣ ವಿದ್ಯುದಂಶವನ್ನು ಸರಿದೂಗಿಸಲು ನಡುವೆ ನೆಲೆಸಿರುವ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಹೊರಬಿದ್ದಾಗ ಅವುಗಳ ಜಾಗಕ್ಕೆ ಲೋಹದ ಅಯಾನುಗಳು ಬಂದು ಸೇರುತ್ತವೆ. ಕರಗಿದ ವಸ್ತು ಹೀಗೆ ಘನವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವುದನ್ನು ಅಧಿಶೋಷಣೆ ಎನ್ನುತ್ತಾರೆ. ಒಳಪದರಗಳೂ ಸೇರಿದರೆ ಒಂದು ಗ್ರಾಂ ಖನಿಜದ ಮೇಲ್ಮೈ ಸುಮಾರು 700ರಿಂದ 800 ಚದರ ಮೀಟರ್‌ ಆಗುವುದು ನಿಜಕ್ಕೂ ಬೆರಗಿನ ಸಂಗತಿ. ಮೆಥಿಲೀನ್ ಬ್ಲೂ ಎಂಬ ಧನ ವಿದ್ಯುದಂಶದ ನೀಲಿ ಬಣ್ಣವನ್ನು ಈ ಖನಿಜ ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಮಣ್ಣಿನಲ್ಲಿ ಇಂಥ ಜೇಡಿ ಎಷ್ಟಿದೆಯೆಂದು ಅಳೆಯಲು ಆ ಬಣ್ಣವನ್ನೇ ಬಳಸುವುದುಂಟು. ಋಣ ವಿದ್ಯುದಂಶದ ಬಣ್ಣಗಳಿಗಾದರೆ ಜೇಡಿಯನ್ನು ಮೊದಲು ಸಾವಯವ ರಾಸಾಯನಿಕಗಳಿಂದ ಮಾರ್ಪಡಿಸಬೇಕಾಗುತ್ತದೆ. ಹಾಗೆಂದು ಹೊಲದ ಎರೆಮಣ್ಣನ್ನು ಕುಡಿಯುವ ನೀರಿಗೆ ಬೆರೆಸುವುದು ಖಂಡಿತ ಸಲ್ಲದು, ಏಕೆಂದರೆ ಅದರ ಅತಿ ಸಣ್ಣ ಕಣಗಳು ಬೇಗ ತಳ ಸೇರದೆ ನೀರನ್ನು ಬಗ್ಗಡಗೊಳಿಸುವುದಲ್ಲದೆ, ನೀರು ಆಮ್ಲೀಯವಾದರೆ ಹಿಡಿದ ಲೋಹವನ್ನು ಮರಳಿ ಬಿಟ್ಟುಕೊಡುತ್ತವೆ. ಕುಡಿಯುವ ನೀರಿನಲ್ಲಿ ಸೀಸವು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ ಐಎಸ್ 10500ರ ಮಿತಿ.