ಗಲ್ಲಾದ ಮೇಲೆ ಕೂತವನಿಗೂ ಪಾಠ ಬೇಕು

ನಮ್ಮ ಸೋಲಾಪುರ, ಅಕ್ಕಲಕೋಟ ಕಡೆ ಖಾನಾವಳಿಯಾಗಲಿ, ವಡಾಪಾವ್ ಅಂಗಡಿಯಾಗಲಿ, ಮ್ಯಾನೇಜರ್ ಆಗುವ ದಾರಿ ಬಹುಮಟ್ಟಿಗೆ ಒಂದೇ. ಹುಡುಗ ಮೊದಲು ಟೇಬಲ್ ಒರೆಸಬೇಕು, ಆಮೇಲೆ ತಾಟು ಬಡಿಸಬೇಕು, ಮಾಲಕರ ನಂಬಿಕೆ ಗಳಿಸಿ ಗಲ್ಲಾದ ಮೇಲೆ ಕೂಡಬೇಕು. ಲೆಕ್ಕ ಬಂತಂದ್ರ ಮ್ಯಾನೇಜರಕಿ ಬಂದಂಗ ಅಂತಾರ. ಅಷ್ಟೇ ಸಾಕೇ?

ಅಮೆರಿಕದ ಮೆಕ್‌ಡೊನಾಲ್ಡ್ಸ್ ಕಂಪನಿ 1961ರಲ್ಲೇ ತನ್ನ ಮ್ಯಾನೇಜರುಗಳಿಗೆ ಶಾಲೆ ತೆರೆಯಿತು. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದು, ಅಲ್ಲಿ ಕಂಡ ಶುಚಿತ್ವವನ್ನು ತಮ್ಮ ಅಡುಗೆಮನೆಗೆ ತಂದರು.

ಈಗ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ‘ಫೋಸ್ಟ್ಯಾಕ್’ ತರಬೇತಿ ಇದೆ. ಪ್ರತಿ 25 ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕ ಇರಬೇಕೆಂಬುದು ಅದರ ಗುರಿ. ಬಿಸಿ ಅಡುಗೆ 60 ಡಿಗ್ರಿಗಿಂತ ಇಳಿಯಬಾರದು, ತಣ್ಣನೆಯದು 5 ಡಿಗ್ರಿ ದಾಟಬಾರದು. ಕರಿದ ಎಣ್ಣೆಯಲ್ಲಿ ಕೆಟ್ಟ ‘ಪೋಲಾರ್’ ಅಂಶ ಶೇ. 25 ಮೀರಿದರೆ ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಇದೆ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆ ಅಕ್ಕಲಕೋಟದಾಗ ಮಂದಿ ಕೂಡಿದಾಗ ಭಜಿ ಬಾಣಲಿಯ ಮುಂದೆ ಇದನ್ನು ನೋಡುವವರಾರು? ಮ್ಯಾನೇಜರನೇ.

ಇದರಾಗ ರೈತಗೇನು ಬಂತು ಅನ್ನಬ್ಯಾಡ್ರಿ. ಸೋಲಾಪುರದ ಶೇಂಗಾ ಚಟ್ನಿ ಊರೂರಿಗೆ ಹೋಗುತ್ತದೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಹುರಿದರೂ ಅದು ಪೂರ್ತಿ ಹೋಗದು, ಯಕೃತ್ತಿಗೆ ಕೇಡು. ಕಲಿತ ಮ್ಯಾನೇಜರ್ ಚೀಲ ಬಿಚ್ಚಿ ಕಾಳು ನೋಡಿಯೇ ಕೊಳ್ಳುತ್ತಾನೆ. ಆಗ ಚೆನ್ನಾಗಿ ಒಣಗಿಸಿ ತಂದ ರೈತನ ಮಾಲಿಗೆ ಬೆಲೆ ಕೇಳುವ ಧೈರ್ಯ ಬರುತ್ತದೆ. ತೂಕವೊಂದನ್ನೇ ನೋಡುವವನಿಗೆ ಒಳ್ಳೆಯದೂ ಒಂದೇ, ಹಸಿಯದೂ ಒಂದೇ.

ಇನ್ನೊಂದು ಮಾತು. ಇಲ್ಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಕಿ ಕನ್ನಡದಾಕಿ ಇರಬಹುದು, ತಾಟು ತೊಳೆಯುವ ಹುಡುಗ ತೆಲುಗಿನವ, ಗಿರಾಕಿ ಮರಾಠಿಯವ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಗೊತ್ತು: ಅವರವರ ಮಾತಿನಲ್ಲಿ ಹೇಳಿದ್ದು ಮನಸ್ಸಿಗೆ ಇಳಿಯುತ್ತದೆ, ಗೋಡೆಗೆ ಅಂಟಿಸಿದ ಇಂಗ್ಲಿಷ್ ಕಾಗದ ಗೋಡೆಯ ಮೇಲೇ ಉಳಿಯುತ್ತದೆ. ಪಾಠ ಕಲಿತ ಮ್ಯಾನೇಜರ್ ಅದನ್ನು ಮೂರೂ ಭಾಷೆಯಲ್ಲಿ ಹಂಚಬೇಕು.

ಮಾಲಕರಲ್ಲಿ ನನ್ನ ವಿನಂತಿ ಇಷ್ಟೇ. ತರಬೇತಿಗೆ ಹೋದ ದಿನದ ಪಗಾರ ಹಿಡೀಬ್ಯಾಡ್ರಿ. ಸರ್ಟಿಫಿಕೇಟು ಹುಡುಗನ ಕೈಯಲ್ಲೇ ಇರಲಿ. ಅವನು ನಾಳೆ ಬೇರೆಡೆ ಹೋದಾನೆಂದು ಅಂಜಿ ಕಲಿಸದಿದ್ದರೆ, ಕಲಿಯದವನೇ ನಿಮ್ಮ ಗಲ್ಲಾದ ಮೇಲೆ ಉಳಿಯುತ್ತಾನೆ.