ಟೋನ್‌ಆರ್ಮ್ ಬದಲಿಸುವ ಮುನ್ನ

ಎಲ್‌ಪಿ ರೆಕಾರ್ಡಿನ ಗೀರಿನಲ್ಲಿ ಓಡುವ ಸೂಜಿಯನ್ನೂ ಅದರ ಕಂಪನವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಡ್ಜನ್ನೂ ಹೊತ್ತಿರುವ ತೋಳೇ ಟೋನ್‌ಆರ್ಮ್. ಸಂಗೀತದ ಕಂಪನಕ್ಕೆ ಈ ತೋಳು ಅಲುಗಬಾರದು. ಆದರೆ ಗೀರು ಅಂಚಿನಿಂದ ನಡುವಿಗೆ ಸರಿದಂತೆ ತಾನೂ ಸರಿಯಬೇಕು, ತಟ್ಟೆ ಸೊಟ್ಟಗಿದ್ದರೆ ಅದರೊಂದಿಗೆ ಏರಿಳಿಯಬೇಕು. ಗೀರಿನ ಅತಿ ಸಣ್ಣ ಅಲೆಗಳು ಒಂದು ಮೈಕ್ರಾನಿಗಿಂತ ಕಿರಿದು. ಬೇರಿಂಗಿನಲ್ಲಿ ಅಷ್ಟೇ ಸಡಿಲವಿದ್ದರೂ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ. ಒಳ್ಳೆಯ ತೋಳು ಎಂದರೆ ಮೊದಲಿಗೆ ಒಳ್ಳೆಯ ಬೇರಿಂಗ್, ಅನಂತರ ಬಾಗದ, ಗುಯ್‌ಗುಡದ ಕೊಳವೆ.

ಇಂಗ್ಲೆಂಡಿನ ರೇಗಾ ಕಂಪನಿ 1983ರಲ್ಲಿ ತಂದ ಆರ್‌ಬಿ300 ತೋಳಿನ ಕೊಳವೆಯನ್ನು ಅಲ್ಯುಮಿನಿಯಮ್ಮಿನಲ್ಲಿ ಒಂದೇ ತುಂಡಾಗಿ ಎರಕ ಹೊಯ್ಯಲಾಗಿತ್ತು. ಸಾಧಾರಣ ಬೆಲೆಗೇ ಗಟ್ಟಿಯಾದ ತೋಳು ಸಿಗತೊಡಗಿತು. ಎಸ್‌ಎಂಇ ಕಂಪನಿಯ ಸೀರೀಸ್ ಫೈವ್ ಮೆಗ್ನೀಸಿಯಮ್ ಎರಕದ ತೋಳು. ಬೆಲೆಯಲ್ಲಿ ಬಹಳ ಮೇಲಿನದು. ಅಗ್ಗದ ತೋಳಿನಿಂದ ಮಧ್ಯಮ ದರ್ಜೆಗೆ ಏರಿದಾಗ ಕಿವಿಗೆ ಸಿಗುವಷ್ಟು ಲಾಭ, ಅಲ್ಲಿಂದ ಮೇಲೇರಿದಾಗ ಅದೇ ಪ್ರಮಾಣದಲ್ಲಿ ಸಿಗುವುದಿಲ್ಲ.

ಬೆಲೆಗಿಂತ ಮುಖ್ಯವಾದದ್ದು ತೋಳು ಮತ್ತು ಕಾರ್ಟ್ರಿಡ್ಜಿನ ಹೊಂದಾಣಿಕೆ. ಸೂಜಿಯ ಕಡ್ಡಿಯನ್ನು ಹಿಡಿದಿರುವ ರಬ್ಬರು ಸ್ಪ್ರಿಂಗಿನಂತೆ ವರ್ತಿಸುತ್ತದೆ. ತೋಳಿನ ಭಾರ ಅದಕ್ಕೆ ತೂಗುಬಿದ್ದಂತೆ ಇರುತ್ತದೆ. ಇವೆರಡೂ ಸೇರಿ ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಅನುರಣಿಸುತ್ತವೆ. ಸೊಟ್ಟ ತಟ್ಟೆಯ ಏರಿಳಿತ ಹೆಚ್ಚಾಗಿ 5 ಹರ್ಟ್ಸ್‌ಗಿಂತ ಕೆಳಗಿದ್ದು, ಸಂಗೀತ 20ರ ಸುಮಾರಿಗೆ ಆರಂಭವಾಗುತ್ತದೆ. ಹಾಗಾಗಿ ಅನುರಣನ 8ರಿಂದ 12ರ ನಡುವೆ ಬೀಳುವುದು ಕ್ಷೇಮ. ಲೆಕ್ಕ ಸರಳ: ತೋಳಿನ ಎಫೆಕ್ಟಿವ್ ಮಾಸ್, ಅಂದರೆ ಸೂಜಿಗೆ ಅನುಭವವಾಗುವ ಜಡತ್ವ, ಅದರೊಂದಿಗೆ ಕಾರ್ಟ್ರಿಡ್ಜು ಮತ್ತು ತಿರುಪುಗಳ ತೂಕವನ್ನು ಗ್ರಾಮಿನಲ್ಲಿ ಕೂಡಿಸಬೇಕು. ಆ ಮೊತ್ತವನ್ನು ಸೂಜಿಯ ಕಂಪ್ಲಯನ್ಸ್‌ನಿಂದ, ಅಂದರೆ ಆ ರಬ್ಬರಿನ ಮೆದುತನದ ಅಳತೆಯಿಂದ, ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 159ನ್ನು ಭಾಗಿಸಿದರೆ ಆವೃತ್ತಿ ಹರ್ಟ್ಸ್‌ನಲ್ಲಿ ಸಿಗುತ್ತದೆ.

ಆರ್ಟೊಫೋನ್ 2ಎಂ ಬ್ಲ್ಯಾಕ್ ಕಾರ್ಟ್ರಿಡ್ಜು 7.2 ಗ್ರಾಂ ತೂಗುತ್ತದೆ, ಅದರ ಕಂಪ್ಲಯನ್ಸ್ 22. ತಿರುಪುಗಳಿಗೆ ಒಂದು ಗ್ರಾಂ ಹಿಡಿದರೆ, 11 ಗ್ರಾಮಿನ ತೋಳಿನಲ್ಲಿ ಉತ್ತರ 7.7, ಎಂಟಕ್ಕಿಂತ ತುಸು ಕಡಿಮೆಯಾದರೂ ನಡೆಯುತ್ತದೆ. 25 ಗ್ರಾಮಿನ ಭಾರೀ ತೋಳಿನಲ್ಲಿ 5.9ಕ್ಕೆ ಇಳಿದು, ಸೊಟ್ಟ ತಟ್ಟೆಯ ಮೇಲೆ ಸೂಜಿ ತೂಗಾಡತೊಡಗುತ್ತದೆ. ಆ ಭಾರೀ ತೋಳಿನ ಬೆಲೆ ನಾಲ್ಕು ಪಟ್ಟು ಇದ್ದರೂ ಫಲಿತಾಂಶ ಇದೇ. ಅದೇ ತೋಳಿಗೆ ಬಿಗಿ ಸೂಜಿಯ ಡೆನಾನ್ ಡಿಎಲ್-103 ಕೂರಿಸಿದರೆ ಚೆನ್ನಾಗಿಯೇ ಹೊಂದುತ್ತದೆ. ಡೆನಾನ್ ಕೊಡುವ ಕಂಪ್ಲಯನ್ಸ್ 5 ಎಂಬುದು 100 ಹರ್ಟ್ಸ್‌ನಲ್ಲಿ ಅಳೆದದ್ದು; ಈ ಲೆಕ್ಕಕ್ಕೆ ಅದನ್ನು ಸುಮಾರು ಇಮ್ಮಡಿ ಮಾಡಿಕೊಳ್ಳುವ ರೂಢಿಯಿದೆ.

ಇನ್ನೊಂದು ಆಕರ್ಷಣೆ 12 ಇಂಚಿನ ಉದ್ದ ತೋಳು. ರೆಕಾರ್ಡ್ ಕೊರೆಯುವ ಯಂತ್ರದ ಮೊನೆ ನೇರ ಗೆರೆಯಲ್ಲಿ ಸಾಗುತ್ತದೆ, ತೋಳಿನ ತುದಿ ಕಮಾನಿನಲ್ಲಿ ಸಾಗುತ್ತದೆ. ಇದರಿಂದ ಹುಟ್ಟುವ ಕೋನದೋಷವನ್ನು ಕನಿಷ್ಠಗೊಳಿಸುವ ಗಣಿತವನ್ನು ಲೋಫ್‌ಗ್ರೆನ್ ಎಂಬವರು 1938ರಲ್ಲೇ ಕೊಟ್ಟರು. 9 ಇಂಚಿನ ತೋಳಿನಲ್ಲಿ ಗರಿಷ್ಠ ದೋಷ ಸುಮಾರು 2 ಡಿಗ್ರಿ. ಉದ್ದ ತೋಳಿನಲ್ಲಿ ಇನ್ನೂ ಕಡಿಮೆ. ಆದರೆ ಉದ್ದ ಹೆಚ್ಚಿದಂತೆ ಜಡತ್ವವೂ ಹೆಚ್ಚುತ್ತದೆ. ಕಾರ್ಟ್ರಿಡ್ಜನ್ನು ಒಂದು ಮಿಲಿಮೀಟರ್ ತಪ್ಪಾಗಿ ಕೂರಿಸಿದರೆ ಉದ್ದದ ಲಾಭವೂ ಉಳಿಯುವುದಿಲ್ಲ. ನಡುವಿನ ಹತ್ತಿರದ ಗೀರುಗಳಲ್ಲಿ ಈ ತಪ್ಪು ಹೆಚ್ಚು ಕೇಳಿಸುತ್ತದೆ. ಅಂಚಿನಲ್ಲಿ ಸೆಕೆಂಡಿಗೆ ಅರ್ಧ ಮೀಟರಿನಷ್ಟಿದ್ದ ಗೀರಿನ ವೇಗ ಅಲ್ಲಿ 21 ಸೆಂಟಿಮೀಟರಿಗೆ ಇಳಿದಿರುತ್ತದೆ.

ಟರ್ನ್‌ಟೇಬಲ್ಲಿಗೆ ತೋಳು ಕೂರುತ್ತದೆಯೇ ಎಂಬುದನ್ನೂ ನೋಡಬೇಕು. ತಟ್ಟೆಯ ನಡುಗಂಬಿಯಿಂದ ತೋಳಿನ ತಿರುಗಣೆಗೆ ರೇಗಾದಲ್ಲಿ 222 ಮಿಲಿಮೀಟರ್, ಎಸ್‌ಎಂಇಯಲ್ಲಿ ಸುಮಾರು 215, ಲಿನ್‌ನಲ್ಲಿ 211. ಬೇರೆ ತೋಳಿಗೆ ಬೇರೆ ರಂಧ್ರ, ಕೆಲವೊಮ್ಮೆ ಬೇರೆ ಹಲಗೆಯೇ ಬೇಕು. ಸ್ಪ್ರಿಂಗುಗಳ ಮೇಲೆ ತೇಲುವ ಟರ್ನ್‌ಟೇಬಲ್ ಆದರೆ ಹೊಸ ತೋಳಿನ ತೂಕಕ್ಕೆ ತಕ್ಕಂತೆ ಸ್ಪ್ರಿಂಗುಗಳನ್ನೂ ಮತ್ತೆ ಸರಿಹೊಂದಿಸಬೇಕು.

ಸವೆದ ಸೂಜಿ, ತಪ್ಪಿದ ಜೋಡಣೆ, ಸರಿಯಿಲ್ಲದ ಒತ್ತಡ: ತೋಳಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟರ ಮೂಲ ಇವೇ. ಇವನ್ನು ಸರಿಪಡಿಸಿದ ಮೇಲೂ ಬೇರಿಂಗ್ ಸಡಿಲವಿದ್ದರೆ, ಇಲ್ಲವೇ ಇಷ್ಟಪಟ್ಟ ಕಾರ್ಟ್ರಿಡ್ಜಿಗೆ ತೋಳಿನ ಭಾರ ಒಗ್ಗದಿದ್ದರೆ, ಬದಲಿಸುವುದು ನ್ಯಾಯ. ಎಸ್‌ಎಂಇ 2019ರ ಕೊನೆಗೆ ತೋಳುಗಳನ್ನು ಬಿಡಿಯಾಗಿ ಮಾರುವುದನ್ನು ನಿಲ್ಲಿಸಿದ್ದರಿಂದ ಅದರ ಹಳೆಯ ತೋಳುಗಳು ಕೈಬದಲಾಗುತ್ತಲೇ ಇವೆ. ಅಂಥ ತೋಳು ಕೊಳ್ಳುವವರು ತುದಿಯನ್ನು ಬೆರಳಲ್ಲಿ ಹಗುರವಾಗಿ ಹಿಡಿದು ಅಲ್ಲಾಡಿಸಿ ನೋಡಬೇಕು. ಬಿಗಿ ಬೇರಿಂಗಿನ ತೋಳಿನಲ್ಲಿ ಟಿಕ್ಕೆಂಬ ಸಡಿಲು ಸಿಕ್ಕರೆ ಕೊಳ್ಳದಿರುವುದೇ ಲೇಸು.